ಶನಿವಾರ ಹೊರಡುವವರು ನಿಮ್ಮ ಪ್ರವಾಸ ಬರಹಕ್ಕೆ ಬರಬೇಕಾದರೆ

ಪ್ರಶ್ನೆ: ಬನಶಂಕರಿಯಲ್ಲಿದ್ದೇನೆ. ಒಂದೂವರೆ ವರ್ಷದಿಂದ ಕನ್ನಡದಲ್ಲಿ ಪ್ರವಾಸ ಬ್ಲಾಗ್ ಬರೆಯುತ್ತಿದ್ದೇನೆ, ವರ್ಡ್‌ಪ್ರೆಸ್‌ನಲ್ಲಿದೆ. ಇದುವರೆಗೆ 64 ಬರಹಗಳಾಗಿವೆ. ಹೆಚ್ಚಿನವು ಬೆಂಗಳೂರಿನಿಂದ ಒಂದೆರಡು ದಿನದಲ್ಲಿ ಹೋಗಿಬರುವ ಜಾಗಗಳ ಬಗ್ಗೆ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದ ದಿನ ನೂರು, ನೂರೈವತ್ತು ಜನ ನೋಡುತ್ತಾರೆ. ಮೂರನೇ ದಿನಕ್ಕೆ ಮೂವತ್ತಕ್ಕೆ ಇಳಿಯುತ್ತದೆ. ಓದಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಓದುಗರು ಹೆಚ್ಚಬೇಕಾದರೆ ಏನು ಮಾಡಬೇಕು? ಇಂಗ್ಲಿಷಿಗೆ ಹೋಗಿಬಿಡಲೇ? ಕೆಲವು ಬರಹಗಳ ತಲೆಬರಹ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿರುವ ತಲೆಬರಹಗಳಲ್ಲೇ ಅರ್ಧ ಉತ್ತರವಿದೆ. ‘ಮಂಜಿನ ಮಡಿಲಲ್ಲಿ ಒಂದು ಮುಂಜಾವು’, ‘ಬಂಡೆಯ ಮೇಲೊಂದು ಭಾನುವಾರ’, ‘ಮರಳು ಹೇಳಿದ ಕಥೆ’. ಮೊದಲನೆಯದು ನಂದಿಬೆಟ್ಟ, ಎರಡನೆಯದು ಸಾವನದುರ್ಗ, ಮೂರನೆಯದು ತಲಕಾಡು. ಅದು ಗೊತ್ತಾಗುವುದು ಒಳಗೆ ಹೋಗಿ ಎರಡು ಪ್ಯಾರಾ ಓದಿದ ಮೇಲೆ. ನಿಮ್ಮ ಪರಿಚಯದವರಿಗೆ ಇದರಿಂದ ತೊಂದರೆಯಿಲ್ಲ, ಅವರು ನೀವು ಬರೆದಿದ್ದೀರಿ ಅಂತ ಓದುತ್ತಾರೆ. ಪರಿಚಯವಿಲ್ಲದವರು ಶುಕ್ರವಾರ ರಾತ್ರಿ ಊಟ ಮುಗಿಸಿ, ‘ನಾಳೆ ಮಕ್ಕಳನ್ನ ಎಲ್ಲಿಗಾದರೂ ಕರ್ಕೊಂಡು ಹೋಗೋಣ’ ಎಂದು ಫೋನ್ ಹಿಡಿಯುವವರು. ಅವರು ಮಡಿಲು, ಮುಂಜಾವು ಎಂದು ಹುಡುಕುವುದಿಲ್ಲ. ಅವರಿಗೆ ಸದ್ಯಕ್ಕೆ ಬೇಕಿರುವುದು ತಮ್ಮ ನಾಳೆಯ ಪ್ರವಾಸ. ನಿಮ್ಮ ಹೋದ ವರ್ಷದ ಪ್ರವಾಸದಲ್ಲಿ ಅವರಿಗೆ ಆಸಕ್ತಿ ಬರುವುದು ಆಮೇಲೆ, ನಿಮ್ಮ ಮಾತು ನಂಬಿ ಹೋಗಿ, ಮೋಸ ಹೋಗದೆ ಮನೆಗೆ ಬಂದ ಮೇಲೆ.

ಹಾಗಾಗಿ ಕಥನ ಬಿಡಬೇಕಿಲ್ಲ. ಅದರ ಜಾಗ ಬದಲಾಗಬೇಕು. ಹೊರಡುವವರ ಪ್ರಶ್ನೆಗಳಿಗೆ ಉತ್ತರ ಮೇಲೆ, ನಿಮ್ಮ ಕಥನ ಕೆಳಗೆ. ಸದ್ಯ ಹೊಸದಾಗಿ ಬರೆಯುವುದನ್ನು ಎರಡು ತಿಂಗಳು ಕಡಿಮೆ ಮಾಡಿ, ಇರುವ 64ನ್ನು ರಿಪೇರಿ ಮಾಡುವುದೇ ಲಾಭದ ಕೆಲಸ.

ಮೊದಲು ಲೆಕ್ಕ ನೋಡಿ

ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟಗಳು ಹೇಗೆ ಕಾಣುತ್ತಿವೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಎಂಬ ಸಾಧನ ಹಾಕಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹಾಕಿಲ್ಲದಿದ್ದರೆ ಇವತ್ತೇ ಹಾಕಿ, ದುಡ್ಡು ಕೊಡಬೇಕಿಲ್ಲ. ಡೊಮೇನ್ (ಬ್ಲಾಗಿನ ಸ್ವಂತ ವಿಳಾಸ) ಕೊಂಡ ಕಂಪನಿಯ ಡಿಎನ್‌ಎಸ್ ಪುಟದಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಿದರೆ ಒಡೆತನ ಖಾತ್ರಿಯಾಗುತ್ತದೆ. ಆಮೇಲೆ ಸೈಟ್‌ಮ್ಯಾಪ್, ಅಂದರೆ ನಿಮ್ಮ ಎಲ್ಲ ಪುಟಗಳ ಪಟ್ಟಿಯ ಕಡತ, ಕೊಡಿ. ಗೂಗಲ್ ಅನಲಿಟಿಕ್ಸ್ ಬಂದವರು ಎಷ್ಟು ಅಂತ ಹೇಳುತ್ತದೆ. ಸರ್ಚ್ ಕನ್ಸೋಲ್ ಬಾಗಿಲ ತನಕ ಬಂದು ವಾಪಸ್ ಹೋದವರನ್ನೂ ತೋರಿಸುತ್ತದೆ. ನಿಮಗೆ ಬೇಕಿರುವುದು ಆ ಎರಡನೆಯ ಲೆಕ್ಕ.

ಪರ್ಫಾರ್ಮೆನ್ಸ್ ವರದಿಯಲ್ಲಿ ಕ್ಲಿಕ್, ಇಂಪ್ರೆಷನ್ (ಹುಡುಕಿದವರಿಗೆ ನಿಮ್ಮ ಪುಟ ಎಷ್ಟು ಸಲ ಕಂಡಿತು), ಸಿಟಿಆರ್ (ಕಂಡದ್ದರಲ್ಲಿ ಶೇಕಡಾ ಎಷ್ಟು ಸಲ ಒತ್ತಿದರು), ಸರಾಸರಿ ಸ್ಥಾನ ಎಂದು ನಾಲ್ಕು ಅಂಕಣಗಳಿವೆ, ನಾಲ್ಕನ್ನೂ ಆನ್ ಮಾಡಿ. ಹಿಂದಿನ 16 ತಿಂಗಳವರೆಗಿನ ಅಂಕಿ ಅಲ್ಲಿ ಸಿಗುತ್ತದೆ. ಹೊಸದಾಗಿ ಹಾಕಿದ್ದರೆ ನಾಲ್ಕು ವಾರ ಕಾದು ನೋಡಿ. ಪುಟಗಳ ಪಟ್ಟಿಯನ್ನು ಇಂಪ್ರೆಷನ್ ಮೇಲೆ ಜೋಡಿಸಿದರೆ ಮೂರು ಬಗೆಯವು ಕಣ್ಣಿಗೆ ಬೀಳುತ್ತವೆ.

ಸ್ಥಾನ 8ರಿಂದ 20ರ ನಡುವೆ ಇದ್ದು, ಇಂಪ್ರೆಷನ್ ಸಾಕಷ್ಟಿದ್ದು, ಕ್ಲಿಕ್ ಇಲ್ಲದವು ಮೊದಲ ಬಗೆ. ನಿಮ್ಮ ಚಿನ್ನ ಇರುವುದು ಇಲ್ಲೇ. ಗೂಗಲ್ ಆಗಲೇ ಒಪ್ಪಿಕೊಂಡಿದೆ, ಸ್ವಲ್ಪ ತಳ್ಳಿದರೆ ಸಾಕು. ಸ್ಥಾನ 1ರಿಂದ 5ರೊಳಗಿದ್ದೂ ಕ್ಲಿಕ್ ಬಾರದಿದ್ದರೆ ತಲೆಬರಹವೋ ಅದರ ಕೆಳಗಿನ ಎರಡು ಸಾಲಿನ ವಿವರಣೆಯೋ ಕೆಟ್ಟಿದೆ, ಅಥವಾ ಉತ್ತರ ಗೂಗಲ್ ಪುಟದಲ್ಲೇ ಸಿಕ್ಕಿಬಿಡುತ್ತಿದೆ ಎಂದರ್ಥ. ಇಂಪ್ರೆಷನ್ನೇ ಇಲ್ಲದವು ಮೂರನೆಯ ಬಗೆ. ಅದು ಯಾರೂ ಹುಡುಕದ ವಿಷಯವಾಗಿರಬಹುದು, ಅಥವಾ ಆ ಪುಟ ಗೂಗಲ್ ಸೂಚಿಗೇ (ಹುಡುಕಾಟಕ್ಕೆಂದು ಗೂಗಲ್ ಇಟ್ಟುಕೊಂಡ ಪುಟಗಳ ದಾಖಲೆಗೆ) ಸೇರಿಲ್ಲದಿರಬಹುದು. ಪುಟದ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಮೇಲ್ತುದಿಯ ಹುಡುಕು ಪಟ್ಟಿಯಲ್ಲಿ ಹಾಕಿ ಪರೀಕ್ಷಿಸಿದರೆ ಯಾವುದು ಅಂತ ತಿಳಿಯುತ್ತದೆ.

ಒಂದು ಎಚ್ಚರಿಕೆ. ಒಂದು ಪುಟದಲ್ಲಿ ತಲೆಬರಹ, ವಿಳಾಸ, ಚಿತ್ರ, ಪಠ್ಯ ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಏನು ಕೆಲಸ ಮಾಡಿತು ಎಂದು ಆಮೇಲೆ ಗೊತ್ತಾಗುವುದೇ ಇಲ್ಲ. ಮೊದಲು ತಲೆಬರಹ ಬದಲಿಸಿ ಮೂರು ನಾಲ್ಕು ವಾರ ಬಿಡಿ. ಆಮೇಲೆ ಹಿಂದಿನ ಅಷ್ಟೇ ದಿನಗಳ ಜೊತೆ ಹೋಲಿಸಿ. ಹಬ್ಬ, ಶಾಲೆ ರಜೆ ಬಂದ ವಾರಗಳನ್ನು ಹೋಲಿಕೆಯಿಂದ ಹೊರಗಿಡಿ, ದಸರಾ ವಾರದ ಏರಿಕೆಯನ್ನು ತಮ್ಮ ಜಾಣತನ ಅಂದುಕೊಂಡು ಮೋಸಹೋಗುವವರು ಬಹಳ.

ಕನ್ನಡಕ್ಕೇ ಇರುವ ತೊಡಕುಗಳು

ಇಂಗ್ಲಿಷ್ ಬ್ಲಾಗಿಗರಿಗಾಗಿ ಬರೆದ ಸಲಹೆಗಳಲ್ಲಿ ಇವು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಜನ ಒಂದೇ ಜಾಗವನ್ನು ಮೂರು ರೀತಿ ಹುಡುಕುತ್ತಾರೆ. ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, ಮತ್ತು ಮೈಕ್ ಒತ್ತಿ ಬಾಯಲ್ಲಿ ಕೇಳಿ. ಬಾಯಲ್ಲಿ ಕೇಳುವವರು ಗ್ರಂಥಭಾಷೆ ಆಡುವುದಿಲ್ಲ. ‘ಶಿವಗಂಗೆ ಬೆಟ್ಟ ಹತ್ತೋಕೆ ಎಷ್ಟು ಹೊತ್ತು ಬೇಕು’ ಅಂತಲೇ ಕೇಳುತ್ತಾರೆ. ನಿಮ್ಮ ಉಪಶೀರ್ಷಿಕೆ ‘ಆರೋಹಣದ ಅವಧಿ’ ಎಂದಿದ್ದರೆ ಹೊಂದುವುದು ಕಷ್ಟ. ‘ಶಿವಗಂಗೆ ಬೆಟ್ಟ ಹತ್ತಲು ಎಷ್ಟು ಹೊತ್ತು ಬೇಕು?’ ಎಂದೇ ಬರೆಯಿರಿ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗಾಗಿ ಜಾಗದ ಹೆಸರನ್ನು ಬರಹದಲ್ಲಿ ಒಂದು ಕಡೆ, ಮುಖ್ಯ ಚಿತ್ರದ ಕಡತದ ಹೆಸರಲ್ಲಿ ಮತ್ತು ವಿಳಾಸದಲ್ಲಿ ಆ ಲಿಪಿಯಲ್ಲಿ ಇಡಿ. ಪ್ರತಿ ಸಾಲಿನಲ್ಲೂ ತುರುಕಿದರೆ ಓದುವವರಿಗೆ ಅಸಹ್ಯ, ಗೂಗಲ್‌ಗೂ ಅನುಮಾನ.

ಊರಿನ ಹೆಸರುಗಳ ಕಾಗುಣಿತವೂ ಒಂದೇ ತೆರನಾಗಿಲ್ಲ. ಸಕಲೇಶಪುರ, ಸಕ್ಲೇಶಪುರ. ನಂದಿಬೆಟ್ಟ, ನಂದಿ ಹಿಲ್ಸ್. ಸರಿಯಾದ ರೂಪವನ್ನು ತಲೆಬರಹದಲ್ಲಿ ಇಟ್ಟು, ಬಾಯಿಮಾತಿನ ರೂಪ ಒಳಗೆ ಒಂದು ಸಲ ಸಹಜವಾಗಿ ಬರುವಂತೆ ನೋಡಿಕೊಳ್ಳಿ. ಜನ ಯಾವುದನ್ನು ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ ಎರಡು ರೂಪಗಳನ್ನು ಹೋಲಿಸಿದರೆ ಜನ ಯಾವುದನ್ನು ಹೆಚ್ಚು ಬಳಸುತ್ತಾರೆ ಎಂದು ಕಾಣುತ್ತದೆ.

ಪುಟದ ವಿಳಾಸ ಕನ್ನಡ ಲಿಪಿಯಲ್ಲಿ ಬೇಡ. ಕಾರಣ ಭಾಷಾಭಿಮಾನಕ್ಕೆ ಸಂಬಂಧಿಸಿದ್ದಲ್ಲ, ಬರೀ ಗಣಿತ. ‘ನಂದಿಬೆಟ್ಟ’ ಎಂಬ ಪದ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಳು ಎಲ್ಲ ಭಾಷೆಯ ಅಕ್ಷರ ಗುರುತಿಸುವ ಪದ್ಧತಿಯಲ್ಲಿ, 9 ಸಂಕೇತ. ಒಂದೊಂದಕ್ಕೆ 3 ಬೈಟ್, ಒಂದೊಂದು ಬೈಟೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ಅಂದರೆ ಒಂದೇ ಪದಕ್ಕೆ 81 ಅಕ್ಷರ. ವಾಟ್ಸಾಪ್‌ಗೆ ಅಂಟಿಸಿದಾಗ ಅರ್ಧ ಪರದೆ ಶೇಕಡಾ ಚಿಹ್ನೆಗಳೇ ತುಂಬಿ, ವೈರಸ್ ಲಿಂಕ್ ಇರಬೇಕು ಅಂತ ಮಂದಿ ಮುಟ್ಟುವುದಿಲ್ಲ. ಮೇಲಾಗಿ ವರ್ಡ್‌ಪ್ರೆಸ್ ವಿಳಾಸದ ಈ ತುಣುಕನ್ನು 200 ಅಕ್ಷರಕ್ಕೆ ಕತ್ತರಿಸುತ್ತದೆ. ಕನ್ನಡದಲ್ಲಿ ಅದು 22 ಸಂಕೇತಕ್ಕೇ ಮುಗಿಯಿತು, ಉದ್ದದ ತಲೆಬರಹ ನಡುವೆ ತುಂಡಾಗುತ್ತದೆ. ಮೂರು ನಾಲ್ಕು ಪದದ ಇಂಗ್ಲಿಷ್ ಲಿಪಿಯ ವಿಳಾಸ ಸಾಕು. ವರ್ಷ, ತಿಂಗಳು ಅದರಲ್ಲಿ ಬೇಡ. ಹಳೆಯ ಬರಹದ ತುಣುಕು ಬದಲಿಸಿದರೆ ವರ್ಡ್‌ಪ್ರೆಸ್ ಸಾಮಾನ್ಯವಾಗಿ ತಾನೇ ಹೊಸದಕ್ಕೆ ತಿರುಗಿಸುತ್ತದೆ. ಆದರೂ ಬದಲಿಸಿದ ಕೂಡಲೇ ಹಳೆಯ ಲಿಂಕ್ ಒತ್ತಿ ನೋಡಿ. ಈಗಾಗಲೇ ಚೆನ್ನಾಗಿ ಓದಿಸಿಕೊಳ್ಳುತ್ತಿರುವ ಪುಟಗಳ ವಿಳಾಸ ಮುಟ್ಟಬೇಡಿ.

ತಲೆಬರಹದ ಉದ್ದದ ವಿಚಾರ. 60 ಅಕ್ಷರ ಎನ್ನುವ ಇಂಗ್ಲಿಷ್ ಸೂತ್ರ ನಮಗೆ ಹೊಂದುವುದಿಲ್ಲ. ಕನ್ನಡದ ಅಕ್ಷರಗಳು ಅಗಲ, ಅಗಲ ಮೀರಿದರೆ ಫಲಿತಾಂಶದ ಪುಟದಲ್ಲಿ ಬಾಲ ಕತ್ತರಿಸಿ ಹೋಗುತ್ತದೆ. ಜಾಗದ ಹೆಸರು ಮೊದಲ ಪದವಾಗಲಿ, ಉಪಯೋಗದ ಮಾತು ಎರಡನೆಯದು. ‘ಸಾವನದುರ್ಗ: ಹತ್ತುವ ದಾರಿ, ಬಸ್, ಸಮಯ’. ಸಪ್ಪೆ ಅನ್ನಿಸಬಹುದು. ನಿಮ್ಮ ‘ಬಂಡೆಯ ಮೇಲೊಂದು ಭಾನುವಾರ’ ಒಳಗೆ ಕಥನ ಶುರುವಾಗುವ ಕಡೆ ಉಪಶೀರ್ಷಿಕೆಯಾಗಿ ಇರಲಿ, ಯಾರೂ ಬೇಡವೆನ್ನುವುದಿಲ್ಲ.

ಇನ್ನೆರಡು ಸಣ್ಣ ವಿಷಯ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಭಾಷೆಯನ್ನು ಕನ್ನಡ ಮಾಡಿ, ಇಲ್ಲದಿದ್ದರೆ ಬ್ರೌಸರ್ ನಿಮ್ಮ ಪುಟವನ್ನು ಇಂಗ್ಲಿಷ್ ಎಂದು ತಿಳಿಯಬಹುದು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ನಲ್ಲಿ ಟೈಪ್ ಮಾಡಿ ತಂದ ಬರಹವಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್ ಅಲ್ಲದ್ದು ಹುಡುಕಾಟಕ್ಕೆ ಬರೀ ಕಸ.

ಬರಹದ ಮೇಲ್ಭಾಗ

ಹೊರಡುವವರಿಗೆ ಬೇಕಾದ್ದು ಮೊದಲ ಪರದೆಯಲ್ಲೇ ಸಿಗಬೇಕು, ಫೋನಿನಲ್ಲಿ ಬೆರಳು ಎರಡು ಸಲ ಸರಿಸುವಷ್ಟರೊಳಗೆ. ಎಷ್ಟು ದೂರ, ಯಾವ ರಸ್ತೆ, ಸ್ವಂತ ಗಾಡಿ ಇಲ್ಲದಿದ್ದರೆ ಹೇಗೆ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಟಿಕೆಟ್ ಎಷ್ಟು, ಮುಂಗಡ ಬುಕಿಂಗ್ ಬೇಕೇ, ವಯಸ್ಸಾದವರು ಹತ್ತಬಹುದೇ, ಶೌಚಾಲಯ ಎಲ್ಲಿ, ಊಟ ಸಿಗುತ್ತದೆಯೇ. ಇದರ ಪಕ್ಕ ‘ಈ ವಿವರ ಪರಿಶೀಲಿಸಿದ ದಿನ’ ಎಂದು ತಾರೀಖು. ಈ ಒಂದು ಸಾಲಿಗೆ ಇರುವ ಬೆಲೆ ಸಣ್ಣದಲ್ಲ. ಪ್ರವಾಸದ ಮಾಹಿತಿ ಹಾಲಿನ ಹಾಗೆ, ಎರಡು ದಿನ ಬಿಟ್ಟರೆ ಒಡೆಯುತ್ತದೆ.

ಒಡೆದದ್ದಕ್ಕೆ ಉದಾಹರಣೆ ಬೇಕೇ? 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ತಾಣ ಬಂತು. ಅದಕ್ಕೂ ಮೊದಲು ಬರೆದ ‘ಬೆಳಗಿನ ಜಾವ ಹೋಗಿ ಕೌಂಟರ್‌ನಲ್ಲಿ ಟಿಕೆಟ್ ತಗೊಳ್ಳಿ’ ಎಂಬ ಚಾರಣ ಬರಹಗಳು ರಾತ್ರೋರಾತ್ರಿ ಸುಳ್ಳಾದವು. ಇನ್ನೊಂದು, ಮೈಸೂರು ರಸ್ತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್, ಆಟೋಗಳಿಗೆ ಪ್ರವೇಶವಿಲ್ಲ. ಕಾರಿನಲ್ಲಿ ಹೋದವರು ‘ಒಂದೂವರೆ ಗಂಟೆಯಲ್ಲಿ ಶ್ರೀರಂಗಪಟ್ಟಣ’ ಎಂದು ಬರೆದರೆ, ಸರ್ವಿಸ್ ರಸ್ತೆಯಲ್ಲಿ ಒಂದೊಂದೇ ಊರು ದಾಟಿ ಹೋಗುವ ಬೈಕಿನವರಿಗೆ ಆ ಲೆಕ್ಕ ತಪ್ಪು. ನಿಮ್ಮ ಓದುಗರಲ್ಲಿ ಬೈಕಿನವರೇ ಹೆಚ್ಚಿದ್ದರೆ ಆ ತಪ್ಪು ನಿಮ್ಮ ತಲೆಗೇ ಬರುತ್ತದೆ. ಇಬ್ಬರಿಗೂ ಬೇರೆ ಬೇರೆ ಸಮಯ ಬರೆಯಿರಿ.

ಬಸ್ಸಿನ ವಿವರವನ್ನು ಹೆಚ್ಚಿನ ಇಂಗ್ಲಿಷ್ ಬ್ಲಾಗುಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ಬರೆಯುವವರೆಲ್ಲ ಕಾರಿನವರು. ನಿಮಗೆ ಅದೇ ಅವಕಾಶ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಾಲ್ಕು ಜನ ಗೆಳತಿಯರು, ಅಮ್ಮ–ಮಗಳು, ಭಜನಾ ಮಂಡಳಿಯವರು ಕನ್ನಡದಲ್ಲೇ ಹುಡುಕಿ, ಬಸ್ಸಿನಲ್ಲೇ ಹೊರಡುತ್ತಾರೆ. ಅವರಿಗೆ ಮೆಜೆಸ್ಟಿಕ್‌ನಿಂದಲೋ ಮೈಸೂರು ರಸ್ತೆ ಸ್ಯಾಟಲೈಟ್‌ನಿಂದಲೋ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ರಾಜಹಂಸವೋ ಸಾಮಾನ್ಯ ಸಾರಿಗೆಯೋ, ಇಷ್ಟು ಬೇಕು. ಲೇಪಾಕ್ಷಿಯಂಥ ಕಡೆಗೆ ಬರೆಯುವಾಗ ಹೊರರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ ಎಂದು ಸೇರಿಸಿ. ಎಲ್ಲಕ್ಕಿಂತ ಮುಖ್ಯ, ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ? ಹೋಗುವ ಬಸ್ ನೂರು ಕಡೆ ಸಿಗುತ್ತದೆ. ಕೊನೆಯ ಬಸ್ಸಿನ ಸಮಯ ಗೊತ್ತಾಗಬೇಕಾದರೆ ಅಲ್ಲಿನ ನಿಲ್ದಾಣದಲ್ಲಿ ನಿಂತು ಕಂಟ್ರೋಲರ್ ಹತ್ತಿರವೋ ಅಂಗಡಿಯವರ ಹತ್ತಿರವೋ ಕೇಳಬೇಕು. ಹೋದವರು ಮಾತ್ರ ಬರೆಯಬಲ್ಲ ವಿವರ ಅದು.

ಇದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ದೂರ, ಎತ್ತರ, ಇತಿಹಾಸದಂಥ ಪ್ರಶ್ನೆಗಳಿಗೆ ಗೂಗಲ್ ತಾನೇ ಮೇಲೆ ಉತ್ತರ ಬರೆದು ಕೊಡುತ್ತಿದೆ. ‘ನಂದಿಬೆಟ್ಟದ ಎತ್ತರ 1,478 ಮೀಟರ್’ ಎನ್ನುವುದಕ್ಕೆ ಯಾರೂ ನಿಮ್ಮ ಪುಟ ತೆರೆಯಬೇಕಿಲ್ಲ. ದೊಡ್ಡಬಳ್ಳಾಪುರದ ಕಡೆಯಿಂದ ಬಂದರೆ ಯಾವ ಕೂಡುರಸ್ತೆಯಲ್ಲಿ ತಪ್ಪುತ್ತದೆ, ಭಾನುವಾರ ಗಾಡಿಗಳ ಸಾಲು ಯಾವ ತಿರುವಿನವರೆಗೆ ಬಂದಿರುತ್ತದೆ, ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನವನ್ನು ಹೋಗುವಾಗ ನೋಡುವುದೋ ಇಳಿದ ಮೇಲೋ, ಶಿವಗಂಗೆಯಲ್ಲಿ ಕೋತಿಗಳಿಂದ ಬ್ಯಾಗ್ ಉಳಿಸಿಕೊಳ್ಳುವುದು ಹೇಗೆ, ಯಾವ ಮೆಟ್ಟಿಲಿನ ನಂತರ ಮಂಡಿನೋವಿನವರು ನಿಲ್ಲುವುದು ಮೇಲು ಎನ್ನುವುದಕ್ಕೆ ತೆರೆಯುತ್ತಾರೆ. ನೀವು ತೆಗೆದ ಟಿಕೆಟ್ ಬೋರ್ಡಿನ ಫೋಟೋ, ಬಸ್ ವೇಳಾಪಟ್ಟಿಯ ಫೋಟೋ ಸೂರ್ಯೋದಯದ ಫೋಟೋಗಿಂತ ಹೆಚ್ಚು ಓದುಗರನ್ನು ಹಿಡಿದಿಡುತ್ತವೆ. ಫೋಟೋದಲ್ಲಿರುವುದನ್ನು ಕೆಳಗೆ ಅಕ್ಷರದಲ್ಲೂ ಬರೆಯಿರಿ.

ರಸ್ತೆಯ ಪ್ರಕಾರ ಜೋಡಿಸಿ

ಬೆಂಗಳೂರಿನವರು ಪ್ರವಾಸವನ್ನು ಜಿಲ್ಲೆ ನೋಡಿ ಆರಿಸುವುದಿಲ್ಲ, ತಮ್ಮ ಮನೆಯಿಂದ ಯಾವ ರಸ್ತೆಗೆ ಬೇಗ ಬೀಳಬಹುದು ಎಂದು ನೋಡುತ್ತಾರೆ. ಬನಶಂಕರಿಯಲ್ಲಿರುವ ನಿಮಗೆ ಕನಕಪುರ ರಸ್ತೆ ಕೈಗೆಟುಕುತ್ತದೆ. ಯಲಹಂಕದವರಿಗೆ ಬಳ್ಳಾರಿ ರಸ್ತೆ ಹತ್ತಿರ. ಕೆ.ಆರ್. ಪುರದವರು ಊರು ದಾಟಿ ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಕೋಲಾರ ಮುಟ್ಟಿರುತ್ತಾರೆ. ಆದ್ದರಿಂದ 64 ಬರಹಗಳನ್ನು ‘ದೇವಸ್ಥಾನ’, ‘ಬೆಟ್ಟ’, ‘ಜಲಪಾತ’ ಎಂದು ವಿಂಗಡಿಸಿದ್ದರೆ ಅದರ ಜೊತೆಗೆ ರಸ್ತೆಗೊಂದು ಮುಖ್ಯಪುಟ ಮಾಡಿ. ತುಮಕೂರು ರಸ್ತೆಗೆ ಶಿವಗಂಗೆ, ದೇವರಾಯನದುರ್ಗ. ಬಳ್ಳಾರಿ ರಸ್ತೆಗೆ ನಂದಿ, ಸ್ಕಂದಗಿರಿ, ಲೇಪಾಕ್ಷಿ. ಹಳೇ ಮದ್ರಾಸ್ ರಸ್ತೆಗೆ ಕೋಲಾರದ ಅಂತರಗಂಗೆ, ಆವನಿ. ಮಾಗಡಿ ರಸ್ತೆಗೆ ಸಾವನದುರ್ಗ, ಮಂಚನಬೆಲೆ. ಕನಕಪುರ ರಸ್ತೆಗೆ ಸಂಗಮ, ಮೇಕೆದಾಟು, ಚುಂಚಿ ಜಲಪಾತ. ಒಂದೊಂದು ಪುಟದಲ್ಲೂ ಜಾಗಕ್ಕೆ ಮೂರು ಸಾಲು, ಆಮೇಲೆ ಪೂರ್ತಿ ಬರಹಕ್ಕೆ ಕೊಂಡಿ. ಪ್ರತಿ ಬರಹದ ಕೊನೆಯಲ್ಲಿ ‘ಇದೇ ರಸ್ತೆಯಲ್ಲಿ’ ಎಂದು ಎರಡು ಮೂರು ಕೊಂಡಿ. ಬಂದವರು ಒಂದೇ ಪುಟ ಓದಿ ಹೋಗುವುದು ಇದರಿಂದ ಕಡಿಮೆಯಾಗುತ್ತದೆ, ಗೂಗಲ್‌ಗೂ ಒಂದು ಬರಹಕ್ಕೂ ಇನ್ನೊಂದಕ್ಕೂ ಇರುವ ನಂಟು ತಿಳಿಯುತ್ತದೆ.

ಒಂದೇ ಜಾಗದ ಮೇಲೆ ಎರಡು ಮೂರು ಬರಹ ಇದ್ದರೆ ಅವು ಒಂದನ್ನೊಂದು ಕಾಲೆಳೆಯುತ್ತವೆ. ನಂದಿಬೆಟ್ಟಕ್ಕೆ ಮೂರು ಸಲ ಹೋಗಿ ಮೂರು ಬರೆದಿದ್ದರೆ ಒಳ್ಳೆಯದನ್ನು ಉಳಿಸಿ, ಉಳಿದೆರಡರ ಸಾರ ಅದಕ್ಕೆ ಸೇರಿಸಿ, ಆ ಎರಡು ವಿಳಾಸಗಳನ್ನು 301 ಮರುನಿರ್ದೇಶನದ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ಮೂಲಕ ಉಳಿಸಿದ್ದಕ್ಕೆ ತಿರುಗಿಸಿ. ಬರೀ ಅಳಿಸಿದರೆ ಅಲ್ಲಿಗೆ ಬರುತ್ತಿದ್ದ ನಾಲ್ಕು ಜನವೂ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ.

ಕಾಲ ನೋಡಿ ಬಿತ್ತಬೇಕು

ಜೋಗ ತುಂಬಿ ಹರಿಯುವ ದಿನ ಜೋಗದ ಬರಹ ಹಾಕಿದರೆ ತಡವಾಯಿತು. ಹೊಸ ಪುಟವನ್ನು ಗೂಗಲ್ ಕಂಡುಹಿಡಿದು, ಅಳೆದು, ಮೇಲೆ ತರುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಆರರಿಂದ ಎಂಟು ವಾರ ಮುಂಚೆ ಹಾಕಬೇಕು. ಮಳೆಗಾಲದ ಜಲಪಾತಗಳಿಗೆ ಏಪ್ರಿಲ್, ಮೇ. ಮೈಸೂರು ದಸರಾಕ್ಕೆ ಜುಲೈ ಕೊನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಸೆಪ್ಟೆಂಬರ್. ಟ್ರೆಂಡ್ಸ್‌ನಲ್ಲಿ ಐದು ವರ್ಷದ ಗೆರೆ ನೋಡಿದರೆ ಯಾವ ಜಾಗದ ಹುಡುಕಾಟ ಯಾವ ವಾರದಿಂದ ಏರುತ್ತದೆ ಎಂದು ಕಣ್ಣಿಗೆ ಕಟ್ಟುತ್ತದೆ.

ವರ್ಷವರ್ಷ ಬರುವುದಕ್ಕೆ ವರ್ಷಕ್ಕೊಂದು ಪುಟ ಮಾಡುವುದು ದೊಡ್ಡ ತಪ್ಪು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಜನವರಿಯಲ್ಲೂ ಆಗಸ್ಟ್‌ನಲ್ಲೂ ನಡೆಯುತ್ತದೆ. ಎರಡಕ್ಕೂ ಒಂದೇ ಶಾಶ್ವತ ವಿಳಾಸ ಇಟ್ಟುಕೊಂಡು, ಒಳಗಿನ ತಾರೀಖು, ಟಿಕೆಟ್, ಆ ಸಲದ ವಿಷಯ ಬದಲಿಸುತ್ತಾ ಹೋಗಿ. ನಾಲ್ಕೈದು ಸಲ ಆದ ಮೇಲೆ ಆ ವಿಳಾಸಕ್ಕೆ ಬೇರೆಯವರು ಕೊಟ್ಟ ಕೊಂಡಿಗಳೆಲ್ಲ ಒಂದೇ ಕಡೆ ಕೂಡಿರುತ್ತವೆ. ಹೊಸ ತಾರೀಖು ಹಾಕಿ ಒಳಗೆ ಏನೂ ಬದಲಿಸದಿರುವ ಕಳ್ಳಾಟ ಮಾತ್ರ ಬೇಡ, ಓದುಗರು ಒಂದೇ ಸಲ ಮೋಸಹೋಗುತ್ತಾರೆ.

ಅಪರೂಪಕ್ಕೆ ಬರುವವುಗಳ ಮೇಲೂ ಕಣ್ಣಿಡಿ. ತಲಕಾಡಿನ ಪಂಚಲಿಂಗ ದರ್ಶನ 2013ರಲ್ಲಿ, ಆಮೇಲೆ 2020ರಲ್ಲಿ ನಡೆಯಿತು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಾಯಿತು, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030. ಇಂಥ ಪುಟ ಈಗಲೇ ಇದ್ದು ಹಣ್ಣಾಗುತ್ತಿರಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಅಷ್ಟೇ. ಸುದ್ದಿಯ ದಿನ ಅವಸರದಲ್ಲಿ ಬರೆದವರಿಗಿಂತ ಮೊದಲೇ ವಿವರವಾದ ಪುಟ ಇದ್ದವರಿಗೆ ಅನುಕೂಲ ಹೆಚ್ಚು.

ಚಿತ್ರಗಳ ತೂಕ

ಫೋನಿನ ಫೋಟೋ ಒಂದೊಂದು 4 ಎಂಬಿ, ಹಾಗೇ ಹನ್ನೆರಡು ಹಾಕಿದರೆ ಪುಟ 48 ಎಂಬಿ. ಬೆಟ್ಟದ ಬುಡದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೆ ಅದು ತೆರೆಯುವುದೇ ಇಲ್ಲ. ಉದ್ದನೆಯ ಬದಿ 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ, ಒಂದೊಂದು 200 ಕೆಬಿ ಒಳಗೆ ಇಡಿ. 1,200 ಪಿಕ್ಸೆಲ್‌ಗಿಂತ ಕಿರಿದು ಬೇಡ, ಗೂಗಲ್ ಡಿಸ್ಕವರ್‌ನಲ್ಲಿ (ಹುಡುಕದೆಯೇ ಫೋನಿನಲ್ಲಿ ಗೂಗಲ್ ತೋರಿಸುವ ಬರಹಗಳ ಸಾಲು) ದೊಡ್ಡ ಚಿತ್ರವಾಗಿ ಬರಲು ಆ ಅಗಲ ಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಅಳತೆ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಅಂಕಿ ನೋಡಿ, ಡೆಸ್ಕ್‌ಟಾಪ್ ಅಂಕಿ ನೋಡಿ ಖುಷಿಪಡಬೇಡಿ. ಅಂದಕ್ಕೆಂದು ಮೂರು ನಾಲ್ಕು ಕನ್ನಡ ವೆಬ್‌ಫಾಂಟ್ ಹಾಕಿದ್ದರೆ ಒಂದಕ್ಕೆ ಇಳಿಸಿ.

ವಾಟ್ಸಾಪ್ ಮತ್ತಿತರೆ

ವಾಟ್ಸಾಪ್ ನಿಮ್ಮ ಬಲ, ಬಿಡಬೇಡಿ. ಆದರೆ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಚಾನೆಲ್ ಮಾಡಿ, ಅದಕ್ಕೆ ಆ ಮಿತಿಯಿಲ್ಲ. ವಾರಕ್ಕೆ ಎರಡೇ ಸಂದೇಶ. ಗುರುವಾರ ಸಂಜೆ ‘ಈ ವಾರಾಂತ್ಯಕ್ಕೆ’ ಎಂದು ಒಂದು ಜಾಗ, ಬಸ್ ಸಮಯ ಸಮೇತ. ರಸ್ತೆ ಮುಚ್ಚಿದೆ, ಜಿಲ್ಲಾಡಳಿತ ಜಲಪಾತಕ್ಕೆ ನಿಷೇಧ ಹಾಕಿದೆ ಎಂಬಂಥ ಸುದ್ದಿ ಬಂದಾಗ ಇನ್ನೊಂದು. ಲಿಂಕ್ ಒತ್ತದೆಯೂ ಉಪಯೋಗವಾಗುವ ಸಂದೇಶವನ್ನೇ ಜನ ಮುಂದಕ್ಕೆ ಕಳಿಸುವುದು. ಚಾನೆಲ್ ಸದಸ್ಯರ ಪಟ್ಟಿ ನಿಮ್ಮ ಕೈಗೆ ಎಂದೂ ಸಿಗುವುದಿಲ್ಲ ಎನ್ನುವುದು ನೆನಪಿರಲಿ. ಮಿಂಚಂಚೆ ಚಂದಾ ಪಟ್ಟಿ ಚಿಕ್ಕದಾದರೂ ಜೊತೆಗಿರಲಿ.

ಲಿಂಕ್ ಕಳಿಸಿದಾಗ ಚಿತ್ರ ಕಾಣಬೇಕು. ಅದಕ್ಕೆ ವರ್ಡ್‌ಪ್ರೆಸ್‌ನ ಎಸ್‌ಇಒ ಪ್ಲಗಿನ್‌ನಲ್ಲಿ (ಹುಡುಕಾಟಕ್ಕೆ ಪುಟ ಸಜ್ಜುಮಾಡುವ ಸೇರ್ಪಡೆ) ಹಂಚಿಕೆಯ ಚಿತ್ರ 1,200 ಅಗಲ, 630 ಎತ್ತರ, 300 ಕೆಬಿ ಒಳಗೆ ಇಡಿ. ವಾಟ್ಸಾಪ್‌ನಿಂದ ಬಂದವರು ಅನಲಿಟಿಕ್ಸ್‌ನಲ್ಲಿ ಹೆಚ್ಚಾಗಿ ‘ಡೈರೆಕ್ಟ್’ ಎಂದು ಬೀಳುತ್ತಾರೆ, ಆದ್ದರಿಂದ ಚಾನೆಲ್‌ಗೆ ಹಾಕುವ ಲಿಂಕಿಗೆ ಯುಟಿಎಂ ಗುರುತು (ಓದುಗರು ಎಲ್ಲಿಂದ ಬಂದರು ಎಂದು ಹೇಳಲು ವಿಳಾಸದ ಕೊನೆಗೆ ಅಂಟಿಸುವ ಪದಗಳು) ಸೇರಿಸಿ. ಇನ್‌ಸ್ಟಾಗ್ರಾಂ ರೀಲ್ಸ್ ಹೆಸರು ತರುತ್ತದೆ, ಓದುಗರನ್ನು ಅಷ್ಟಾಗಿ ತರುವುದಿಲ್ಲ. ರೀಲಿನ ವಿವರಣೆಯಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಪ್ರೊಫೈಲ್‌ಗೆ ಹೋಗಿ ಒತ್ತುವ ತಾಳ್ಮೆ ಇರುವವರು ಕಡಿಮೆ. ಸಮಯ ಉಳಿದರೆ ಮಾಡಿ.

‘ಯಾರಿಗೂ ಗೊತ್ತಿಲ್ಲದ ಜಲಪಾತ’ ಎಂಬ ಬಗೆಯದ್ದು ಚೆನ್ನಾಗಿ ಓಡುತ್ತದೆ, ನಿಜ. ಆದರೆ ಅಂಥ ಜಾಗಗಳಲ್ಲಿ ಎಷ್ಟೋ ಮೀಸಲು ಅರಣ್ಯದೊಳಗೋ ಖಾಸಗಿ ತೋಟದೊಳಗೋ ಇರುತ್ತವೆ. ಒಳಗೆ ಬಿಡುತ್ತಾರೆಯೇ, ಮಳೆಗಾಲದಲ್ಲಿ ಕಾಲು ಜಾರುವುದೆಲ್ಲಿ ಎಂದು ಬರೆಯಲಾಗದಿದ್ದರೆ ಆ ಬರಹವೇ ಬೇಡ. ಹೋಮ್‌ಸ್ಟೇಯವರು ಉಚಿತವಾಗಿ ಉಳಿಸಿಕೊಂಡರೆ ಅದನ್ನು ಬರಹದ ಮೇಲ್ಭಾಗದಲ್ಲೇ ಹೇಳಿ, ದುಡ್ಡಿಗೆ ಕೊಟ್ಟ ಕೊಂಡಿಯ ಕೋಡಿನಲ್ಲಿ ‘ಪ್ರಾಯೋಜಿತ’ (sponsored) ಎಂಬ ಗುರುತು ಹಾಕಿ. ಹಾಗೆ ಮಾಡದೆ ಕೊಂಡಿ ಮಾರುವುದು ಗೂಗಲ್ ನಿಯಮಕ್ಕೆ ವಿರುದ್ಧ.

ಇಂಗ್ಲಿಷಿಗೆ ಹೋಗಬೇಕೇ?

ಬೇಡ. ಇಂಗ್ಲಿಷಿನಲ್ಲಿ ನಂದಿಬೆಟ್ಟ ಎಂದರೆ ಹೋಟೆಲ್ ಬುಕಿಂಗ್ ಕಂಪನಿಗಳು, ದೊಡ್ಡ ಪತ್ರಿಕೆಗಳು, ಪ್ರವಾಸಿ ತಾಣಗಳು ಸಾಲಾಗಿ ನಿಂತಿವೆ, 64 ಬರಹದ ಹೊಸಬರಿಗೆ ಆ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ. ಕನ್ನಡದಲ್ಲಿ ಹುಡುಕುವವರ ಸಂಖ್ಯೆ ಚಿಕ್ಕದು, ಒಳ್ಳೆಯ ಉತ್ತರಗಳ ಸಂಖ್ಯೆ ಇನ್ನೂ ಚಿಕ್ಕದು. ಎಲ್ಲ ಬರಹಗಳನ್ನೂ ಯಂತ್ರಾನುವಾದಕ್ಕೆ ಹಾಕಿ ಇಂಗ್ಲಿಷ್, ಹಿಂದಿ ಪುಟ ಹುಟ್ಟಿಸುವ ಪ್ಲಗಿನ್‌ಗಳ ಹತ್ತಿರ ಹೋಗಬೇಡಿ. ಓದುಗರಿಗೆ ಉಪಯೋಗವಿಲ್ಲದೆ ರಾಶಿರಾಶಿ ಪುಟ ಮಾಡುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ನೀತಿಯಡಿ ಸೇರಿಸಿದೆ, ಅದರ ಪೆಟ್ಟು ಕನ್ನಡ ಪುಟಗಳಿಗೂ ಬೀಳುತ್ತದೆ. ತೀರಾ ಬೇಕೆನಿಸಿದರೆ ಚೆನ್ನಾಗಿ ಓಡುವ ಐದಾರು ಬರಹಗಳನ್ನು ಕೈಯಾರೆ ಇಂಗ್ಲಿಷಿನಲ್ಲಿ ಬರೆದು, ಎರಡು ಭಾಷೆಯ ಪುಟಗಳನ್ನು ಹ್ರೆಫ್‌ಲ್ಯಾಂಗ್ (hreflang) ಗುರುತಿನಿಂದ ಜೋಡಿಸಿ, ಇದು ಅದೇ ಬರಹದ ಇನ್ನೊಂದು ಭಾಷೆಯ ರೂಪ ಎಂದು ಗೂಗಲ್‌ಗೆ ಅದು ಹೇಳುತ್ತದೆ.

ವಾರಕ್ಕೆ ಎಂಟು ಗಂಟೆ ಸಿಗುತ್ತದೆ ಅಂದುಕೊಳ್ಳೋಣ. ಮೊದಲ ಎರಡು ತಿಂಗಳು ಐದು ಗಂಟೆ ಹಳೆಯ ಬರಹಗಳಿಗೆ, ವಾರಕ್ಕೆ ಎರಡರಂತೆ ಹದಿನಾರು ಆಗುತ್ತವೆ. ಎರಡು ಗಂಟೆ ರಸ್ತೆಯ ಪುಟಗಳಿಗೆ. ಒಂದು ಗಂಟೆ ಚಾನೆಲ್ ಮತ್ತು ಲೆಕ್ಕಕ್ಕೆ. ಹೊಸ ಬರಹ ತಿಂಗಳಿಗೆ ಒಂದು, ಅದೂ ಮುಂಬರುವ ಕಾಲಕ್ಕೆ ಹೊಂದುವಂಥದ್ದು. ದಿನದ ಅಂಕಿ ನೋಡಿ ಉಗುರು ಕಚ್ಚಬೇಡಿ. ತಿಂಗಳಿಗೊಮ್ಮೆ ಮೂರು ಸಂಗತಿ ಬರೆದಿಡಿ: ಹುಡುಕಾಟದಿಂದ ಬಂದ ಕ್ಲಿಕ್ ಎಷ್ಟು, ಮೊದಲ ಹತ್ತರೊಳಗೆ ಬಂದ ಪುಟಗಳೆಷ್ಟು, ಎರಡನೆಯ ಪುಟ ಓದಿದವರೆಷ್ಟು. ಮೂರನೇ ತಿಂಗಳ ಕೊನೆಗೂ ಇಂಪ್ರೆಷನ್ ಏರಿಲ್ಲ ಎಂದಾದರೆ ಬರವಣಿಗೆಯನ್ನು ದೂರುವ ಮೊದಲು ಪುಟಗಳು ಸೂಚಿಗೆ ಸೇರಿವೆಯೇ ಎಂದು ಮತ್ತೆ ಪರೀಕ್ಷಿಸಿ. ಇಂಪ್ರೆಷನ್ ಏರಿ ಕ್ಲಿಕ್ ಏರದಿದ್ದರೆ ತಲೆಬರಹ. ಕ್ಲಿಕ್ ಏರಿಯೂ ಜನ ತಕ್ಷಣ ಹೊರಟರೆ ಮೇಲ್ಭಾಗ.

ರಿಪೇರಿಯನ್ನು ತಲಕಾಡಿನಿಂದ ಶುರು ಮಾಡಿ. ತಲೆಬರಹ ‘ತಲಕಾಡು, ಸೋಮನಾಥಪುರ, ಶಿವನಸಮುದ್ರ: ಒಂದೇ ದಿನದಲ್ಲಿ ಹೇಗೆ?’ ಎಂದಾಗಲಿ. ಬಸ್ಸಿನಲ್ಲಿ ಹೋದರೆ ಮೂರರಲ್ಲಿ ಎರಡನ್ನೇ ನೋಡಲು ಸಾಧ್ಯ ಅನ್ನಿಸಿದರೆ ಹಾಗೆಂದೇ ಮೊದಲ ಸಾಲಿನಲ್ಲಿ ಬರೆಯಿರಿ, ಯಾವುದನ್ನು ಬಿಡಬೇಕು ಎಂದೂ ಹೇಳಿ. ಸೋಮನಾಥಪುರದ ದೇವಾಲಯ ಹದಿಮೂರನೇ ಶತಮಾನದ್ದು ಎಂಬ ವಿವರ ಕೆಳಗಿರಲಿ, ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎನ್ನುವುದು ಮೇಲೆ ಬರಲಿ. ತಲಕಾಡಿನ ಹೊಳೆಯಲ್ಲಿ ಎಲ್ಲಿ ಇಳಿಯಬಾರದು, ಮಧ್ಯಾಹ್ನದ ಮರಳಿನಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಸಾಕ್ಸ್ ಯಾಕೆ ಬೇಕು ಎಂದು ಸೇರಿಸಿ. ‘ಮರಳು ಹೇಳಿದ ಕಥೆ’ ಅದರ ಕೆಳಗೆ, ಒಂದಕ್ಷರವೂ ಬದಲಾಗದೆ.